ಕಷ್ಟಪಟ್ಟು ಮ್ಯಾಲ ಬಂದವರು

ನಮ್ಮ ಸರ್ ತೀರಿಕೊಂಡ ಮೂರನೇ ದಿನ ಬಾಗಲಕೋಟೆ ಕೋರ್ಟಿನ ದೊಡ್ಡ ಹಾಲಿನಲ್ಲಿ ಶ್ರದ್ಧಾಂಜಲಿ ಸಭೆ ಇತ್ತು. ಕರೀ ಕೋಟಿನೊಳಗೆ ಬೆವರುತ್ತ ಎಲ್ಲರೂ ಎದ್ದು ನಿಂತಿದ್ದೆವು. ಹಿಂದಿನ ಸಾಲಿನ ವಕೀಲನೊಬ್ಬ ಪೆನ್ನಿನ ತುದಿಯಿಂದ ನನ್ನ ಬೆನ್ನಿಗೆ ತಿವಿದು, ಕಿವಿಯ ಹತ್ತಿರ ಬಾಯಿ ತಂದು, "ಲೇ, ಕಡೀ ಸಲ ಒಮ್ಮೆ ಅವರ ದನಿ ತಗೀಲೇ," ಅಂದ.

ತಪ್ಪು ಅವನದಲ್ಲ. ಈ ಜಿಲ್ಲೆಯ ವಕೀಲರು ನನ್ನನ್ನು ಕಾನೂನು ಕೇಳಲು ಕರೆಯುವುದಿಲ್ಲ, ದನಿ ಕೇಳಲು ಕರೆಯುತ್ತಾರೆ. ತೀರ್ಪು ಓದುವ ಮುಂಚೆ ನ್ಯಾಯಾಧೀಶರು ಕೆಮ್ಮುವ ಕೆಮ್ಮು, ಕಟಕಟೆಯಲ್ಲಿ ಪೊಲೀಸಪ್ಪನಿಗೆ ಒಮ್ಮಿಂದೊಮ್ಮೆಲೆ ಬರುವ ಮರೆವು, ಕುಳಗೇರಿ ಕ್ರಾಸಿನಲ್ಲಿ ಬಸ್ಸು ಹತ್ತಿಸುವ ಕಂಡಕ್ಟರನ ಗಂಟಲು, ನಮ್ಮಪ್ಪ ಕುರಿ ತಿರುಗಿಸುವ ಸಿಳ್ಳು, ಎಲ್ಲ ಬರುತ್ತವೆ. ನಿನ್ನ ಸ್ವಂತ ದನಿ ಯಾವುದು ಅಂತ ಯಾರಾದರೂ ಕೇಳಿದರೆ ಮಾತ್ರ ಹಾಜರುಪಡಿಸಲು ನನ್ನ ಹತ್ತಿರ ಪುರಾವೆ ಇಲ್ಲ. ಈ ಎಲ್ಲ ದನಿಗಳಲ್ಲಿ ಅತಿ ಹೆಚ್ಚು ಬೇಡಿಕೆ ಇದ್ದದ್ದು ನಮ್ಮ ಸರ್ ದನಿಗೆ. ಎಂಟು ವರ್ಷ ಅವರ ಆಫೀಸಿನಲ್ಲಿ ಕೂತು ಕಲಿತದ್ದರಲ್ಲಿ ನನಗೆ ಪೂರ್ತಿ ದಕ್ಕಿದ್ದು ಅದೊಂದೇ.

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಅನ್ನುತ್ತಾರೆ. ಆವತ್ತು ಹನ್ನೊಂದು ಮಂದಿ ಎದ್ದು ಆಡಿದರು. ಒಳ್ಳೆಯದರ ಪಾಲು ಮುಗಿದಿದೆ, ಉಳಿದದ್ದನ್ನು ನಾನು ಆಡುತ್ತೇನೆ.

ನವನಗರದಲ್ಲಿ ಅವರ ಆಫೀಸು. ಒಳಗೆ ಕಾಲಿಟ್ಟರೆ ಎದುರಿನ ಗೋಡೆಗೆ ಐದು ಫೋಟೋ. ಈ ಆಫೀಸಿನಿಂದ ಹೋಗಿ ನ್ಯಾಯಾಧೀಶರಾದ ಐವರದು. ಬಂದ ಕಕ್ಷಿದಾರನಿಗೆ ನೀರು ಕೊಡುವ ಮೊದಲು ಆ ಗೋಡೆಯ ದರ್ಶನ ಆಗಬೇಕು. ನಾನು ಸೇರಿದ ಮೊದಲ ದಿನ ನಾಲ್ಕೇ ಇದ್ದವು, ನನಗೆ ಅದು ಒಂದೇ ಮನೆಯ ಮದುವೆಯ ಗ್ರೂಪ್ ಫೋಟೋ ಕತ್ತರಿಸಿ ನಾಲ್ಕು ಚೌಕಟ್ಟು ಹಾಕಿಸಿದಂತೆ ಕಂಡಿತ್ತು. ಅದೇ ಮೂಗು, ಅದೇ ಹಣೆ, ಅದೇ ಸಮಾಧಾನ. ಆಮೇಲೆ ವಿಚಾರಿಸಿದಾಗ ಗೊತ್ತಾಯಿತು, ನನ್ನ ಕಣ್ಣು ಅಷ್ಟೇನೂ ಮೋಸ ಹೋಗಿರಲಿಲ್ಲ. ಒಬ್ಬರು ತಮ್ಮನ ಬೀಗರು, ಒಬ್ಬರು ಗುರುಗಳ ಮಗ, ಆಮೇಲೆ ಏರಿದ ಐದನೆಯವರು ಖಾಸಾ ಸೋದರಳಿಯ.

ಸರ್ ನಾಲ್ಕನೇ ತಲೆಮಾರಿನ ವಕೀಲರು. ಅಜ್ಜನ ಅಪ್ಪ ಹಳೇ ಬಾಗಲಕೋಟೆಯಲ್ಲಿ ಪೇಟ ಸುತ್ತಿಕೊಂಡು ವಾದ ಮಾಡಿದವರು. ಆ ಪೇಟ ಗಾಜಿನ ಪೆಟ್ಟಿಗೆಯಲ್ಲಿ ಇನ್ನೂ ಇತ್ತು. ಊರು ಅಣೆಕಟ್ಟಿನ ಹಿನ್ನೀರಲ್ಲಿ ಮುಳುಗಿ ಮನೆಮಠ ಬಿಟ್ಟು ಬಂದಾಗ ಆ ಪೆಟ್ಟಿಗೆಯನ್ನು ಮೊದಲನೇ ಲಾರಿಯಲ್ಲಿ, ಡ್ರೈವರನ ಪಕ್ಕದ ಸೀಟಿನಲ್ಲಿ ಕೂರಿಸಿ ತಂದರಂತೆ. ಮನೆಯ ಹೆಣ್ಣುಮಕ್ಕಳು ಎರಡನೇ ಲಾರಿಯಲ್ಲಿ.

ಅವರಿಗೆ ಒಂದು ಚಟ. ಕೆಲವು ಜೂನಿಯರುಗಳನ್ನು ಹೆಸರು ಹಿಡಿದು, ಕೊನೆಗೆ ಒಂದು "ಪ್ಪಾ" ಸೇರಿಸಿ ಮುದ್ದಿನಿಂದ ಕರೆಯುತ್ತಿದ್ದರು. ಉಳಿದವರಿಗೆ ಊರಿನ ಹೆಸರೇ ಗತಿ. ನಾನು ಕುಳಗೇರಿ. "ಏ ಕುಳಗೇರಿ, ಫೈಲ್ ತಾ." ನಮ್ಮೂರು ಕುಳಗೇರಿ ಕ್ರಾಸಿನಿಂದ ಒಳಗೆ ಮೂರು ಮೈಲಿ, ಬೀರಪ್ಪನ ಗುಡಿಯ ಹಿಂದೆ. ಅಷ್ಟು ಒಳಗೆ ಹೋಗುವ ಪುರಸತ್ತು ಅವರಿಗಿರಲಿಲ್ಲ, ಬಸ್ಸು ನಿಂತಲ್ಲೇ ನನ್ನನ್ನೂ ಇಳಿಸಿಬಿಟ್ಟರು. ನನಗಿಂತ ಮೂರು ವರ್ಷ ಮೊದಲು ಸೇರಿದ ಒಬ್ಬಳು ಅಕ್ಕ ಇದ್ದಳು. ಅವಳು ಇಳಕಲ್. ನಾವು ಜೂನಿಯರುಗಳೆಲ್ಲ ಅವಳಿಗೆ ಅಕ್ಕಾರು ಅನ್ನುತ್ತಿದ್ದೆವು, ಕೋರ್ಟಿಗೆ ಬರುವ ಮಂದಿಯೂ ಹಾಗೇ ಅನ್ನುತ್ತಿತ್ತು. ಸರ್ ಬಾಯಲ್ಲಿ ಮಾತ್ರ ಹನ್ನೊಂದು ವರ್ಷ ಅವಳು ಒಂದು ಬಸ್ ನಿಲ್ದಾಣ.

ಇಳಕಲ್ ಅಂದಮೇಲೆ ಅವಳ ಮನೆಯಲ್ಲಿ ಮಗ್ಗ ಇರಲೇಬೇಕು ಅಂತ ಅವರ ತಲೆಯಲ್ಲಿ ಕೂತಿತ್ತು. ಪ್ರತಿ ದಸರೆಗೆ ಕೇಳುವರು, ಮನೆಯಲ್ಲಿ ಸೀರೆ ಯಾವ ದಡಿ ನೇಯುತ್ತಿದ್ದಾರೆ ಈಗ, ಅಂತ. ಪ್ರತಿ ದಸರೆಗೆ ಅಕ್ಕ ಹೇಳುವಳು, ಮಗ್ಗ ಇಲ್ಲ ಸರ್, ಅಪ್ಪ ಗ್ರಾನೈಟ್ ಪಾಲಿಶ್ ಮಾಡುವ ಕಡೆ ಕೆಲಸಕ್ಕಿದ್ದಾರೆ. "ಹೌದಲ್ಲ, ಮರತಿದ್ದೆ," ಅಂದು ತಮ್ಮ ಮನೆಯವರಿಗೆ ಒಂದು ಟೋಪ ತೆನಿ ಸೆರಗಿನ ಸೀರೆ ಆರಿಸಿಕೊಂಡು ಬರಲು ಅವಳಿಗೇ ಹೇಳುವರು. ಊರಿನ ಯಾವ ಓಣಿ, ಯಾರ ಮಂದಿ ಅನ್ನುವುದು ಮಾತ್ರ ಅವರಿಗೆ ಸೇರಿದ ದಿನವೇ ಗೊತ್ತಾಗಿತ್ತು. ಅದನ್ನು ಎಂದೂ ಮರೆಯಲಿಲ್ಲ.

ಜಾತಿ ನೋಡುವವರು ಅಂತ ಅವರನ್ನು ಯಾರೂ ಹೇಳಲು ಬರುತ್ತಿರಲಿಲ್ಲ. ಅವರೇ ಭಾಷಣದಲ್ಲಿ ಹೇಳಿದ್ದಾರೆ: "ನ್ಯಾಯದೇವತಿ ಕಣ್ಣಿಗೆ ಬಟ್ಟಿ ಕಟ್ಯಾರ, ಆಕಿ ಜಾತಿ ನೋಡೂದಿಲ್ಲ. ನಾವೂ ನೋಡೂದಿಲ್ಲ. ಮನೆತನ ನೋಡ್ತೇವಿ." ಚಪ್ಪಾಳೆ ಬಿದ್ದವು. ನಾನೂ ಹೊಡೆದೆ. ಜೋರಾಗಿ ಹೊಡೆದೆ, ಮುಂದಿನ ಸಾಲಿನಲ್ಲಿ ಕೂತಿದ್ದೆ.

ಅವರ ಖರೆ ಅಧಿಕಾರ ಇದ್ದದ್ದು ಟೆಲಿಫೋನಿನಲ್ಲಿ. ನ್ಯಾಯಾಧೀಶರ ಹುದ್ದೆಗೋ ಸರ್ಕಾರಿ ವಕೀಲಿಕೆಗೋ ಈ ಕಡೆಯ ಯಾರದಾದರೂ ಹೆಸರು ಎದ್ದರೆ, ಯಾರೋ ದೊಡ್ಡವರು ಇವರಿಗೆ ಫೋನು ಹಚ್ಚಿ ಹುಡುಗ ಹೆಂಗೆ ಅಂತ ಕೇಳುವರು. ಯಾವ ಕಾಯಿದೆಯಲ್ಲೂ ಆ ಫೋನು ಬರೆದಿಲ್ಲ. ಯಾರು ಮಾಡುತ್ತಿದ್ದರೋ ನನಗೆ ಗೊತ್ತಿಲ್ಲ, ಸರ್ ಹೇಳಲಿಲ್ಲ. ಫೋನು ಬಂದಾಗ ಅವರು ಮಾಡುವುದನ್ನು ಮಾತ್ರ ಕಣ್ಣು ಮುಚ್ಚಿ ಮಾಡಿ ತೋರಿಸಬಲ್ಲೆ. ಕನ್ನಡಕ ತೆಗೆಯುವರು. ಕೊರಳಿಂದ ಇಳಿಬಿದ್ದ ಬಿಳೀ ಬ್ಯಾಂಡಿನಿಂದ ಗಾಜು ಒರೆಸುವರು. ಎಡಗಾಜು, ಬಲಗಾಜು. ಆಮೇಲೆ ಉತ್ತರ. ಬೇಕಾದವನಿದ್ದರೆ, "ಮನೆತನ ಗೊತ್ತದರಿ ನಮಗ." ಅಷ್ಟೇ. ಅವನ ಕೆಲಸ ಆದಂತೆ. ಬೇಡಾದವನಿದ್ದರೆ ದನಿ ಇನ್ನೂ ಮೆತ್ತಗಾಗುವುದು: "ಛಲೋ ಹುಡುಗರಿ. ಪಾಪ, ಕಷ್ಟಪಟ್ಟು ಮ್ಯಾಲ ಬಂದಾನ."

ಆಮೇಲೆ ಸುಮ್ಮನಾಗುವರು. ಆ ಕಡೆಯವರೂ ಸುಮ್ಮನಾಗುವರು. ಎರಡೂ ಕಡೆಯ ಮೌನದ ನಡುವೆ ಒಬ್ಬ ಮನುಷ್ಯ ಮುಗಿದುಹೋಗುತ್ತಿದ್ದ.

ಒಮ್ಮೆ ಧೈರ್ಯ ಮಾಡಿ ಕೇಳಿದೆ, ಸರ್, ಒಳ್ಳೇದೇ ಹೇಳಿದಿರಲ್ಲ, ಆದರೂ ಅವರಿಗೆ ಆಗಲಿಲ್ಲವಲ್ಲ ಅಂತ. ನಕ್ಕರು. ಕಷ್ಟಪಟ್ಟು ಬಂದವರಿಗೆ ಕುರ್ಚಿ ಮೇಲೆ ಕೂತಮೇಲೆ ಕಷ್ಟವೇ ನೆನಪಾಗುತ್ತಿರುತ್ತದೆ, ಕಾನೂನು ನೆನಪಾಗುವುದಿಲ್ಲ, ಮೇಲಿನವರಿಗೆ ಇದು ಗೊತ್ತು, ಬಿಡಿಸಿ ಹೇಳಬೇಕಾಗಿಲ್ಲ ಅಂದರು. ಕೊನೆಗೆ ಒಂದು ಮಾತು ಸೇರಿಸಿದರು: "ಜೀವನದಾಗ ನಾ ಯಾರ ಬಗ್ಗೇನೂ ಕೆಟ್ಟದ್ದು ಆಡಿಲ್ಲ ನೋಡು, ಕುಳಗೇರಿ."

ಇದನ್ನು ನಾನು ವಕೀಲರ ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿ ತೋರಿಸಿದೆ. ಕನ್ನಡಕ, ಬ್ಯಾಂಡು, ಎಡಗಾಜು, ಬಲಗಾಜು, "ಪಾಪ, ಕಷ್ಟಪಟ್ಟು." ಹಾಲ್ ಹಾಲೇ ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವರು ಸರ್. ಕಣ್ಣೀರು ಒರೆಸಿಕೊಂಡರು. ಮಗಳ ನಿಶ್ಚಯಕ್ಕೆ ಕರೆಸಿ ಬೀಗರ ಮುಂದೆ ಮತ್ತೊಮ್ಮೆ ಮಾಡಿಸಿದರು. ಬೆತ್ತದಿಂದ ಹೊಡೆಯಲು ಹೋಗಿ ಚಾಮರ ಬೀಸಿ ಬಂದಿದ್ದೆ. ಸೀಕರಣಿ ಮಾತ್ರ ಬಡಿಸಿದಷ್ಟೂ ತಿಂದೆ.

ಅವರಿಗೆ ಏನೂ ಬರುತ್ತಿರಲಿಲ್ಲ ಅಂತ ಹೇಳಲು ಬಂದಿದ್ದರೆ ಎಷ್ಟು ಹಗುರಾಗುತ್ತಿತ್ತು. ಕಾಗದವನ್ನು ಕೆಳಗಿನಿಂದ ಮೇಲೆ ಓದಲು ಕಲಿಸಿದವರು ಅವರೇ. ಮೊದಲು ಸಹಿ ನೋಡು, ಆಮೇಲೆ ತಾರೀಖು, ಆಮೇಲೆ ವಿಷಯ. ಸುಳ್ಳು ಯಾವಾಗಲೂ ಕೆಳಗಿನ ಮೂಲೆಯಲ್ಲಿ ಕೂತಿರುತ್ತದೆ ಅನ್ನುತ್ತಿದ್ದರು. ಸಾಕ್ಷಿಗೆ ಕೊನೆಯ ಒಂದು ಪ್ರಶ್ನೆ ಕೇಳದೆ ಬಿಡಲು ಕಲಿಸಿದವರೂ ಅವರೇ. ಪೂರ್ತಿ ಬೈಯಲಿಕ್ಕೂ ಬಿಡದ ಹಾಗೆ ಅಷ್ಟಿಷ್ಟು ಕೊಟ್ಟು ಹೋಗಿದ್ದಾರಲ್ಲ, ನನಗೆ ಅದರ ಸಿಟ್ಟು ಬೇರೆ.

ಈಗ ವಕಾಲತ್ತಿನ ವಿಷಯ. ಕಕ್ಷಿದಾರ ತನ್ನ ಪರವಾಗಿ ಇಂಥ ವಕೀಲರು ಅಂತ ಬರೆದುಕೊಡುವ ಕಾಗದ ಅದು. ಅದರ ಮೇಲೆ ಯಾರ ಹೆಸರು ಇದೆಯೋ ಕೋರ್ಟಿನ ಪ್ರತಿ ಕಾಗದದಲ್ಲೂ, ಕೊನೆಯ ತೀರ್ಪಿನಲ್ಲೂ ಅವರ ಹೆಸರೇ ಬರುತ್ತದೆ. ಬೇರೆ ಆಫೀಸುಗಳಲ್ಲಿ ಸೀನಿಯರ್ ಹೆಸರಿನ ಕೆಳಗೆ ಜೂನಿಯರುಗಳ ಹೆಸರೂ ಇರುತ್ತವೆ. ನಮ್ಮ ಸರ್ ಪದ್ಧತಿ ಬೇರೆ. ಮೊದಲನೇ ಸಾಲಿನಲ್ಲಿ ಅವರು, ಎರಡನೇ ಸಾಲಿನಲ್ಲಿ ಸೋದರಳಿಯ. ಮೂರನೇ ಸಾಲು ಇಲ್ಲ.

ಸೋದರಳಿಯನಿಗೆ ಬೆಳಗಿನ ಬಸ್ಸು ಆಗುತ್ತಿರಲಿಲ್ಲ, ವಾಂತಿ ಬರುವಂತಾಗುತ್ತಿತ್ತು. ಸರ್‌ಗೆ ಬೆನ್ನು ನೋವು. ಹಾಗಾಗಿ ಬಾದಾಮಿ ಕೋರ್ಟಿಗೆ ಕುಳಗೇರಿ, ಹುನಗುಂದ ಕೋರ್ಟಿಗೆ ಇಳಕಲ್. ನಾನು ಹೋಗುತ್ತಿದ್ದದ್ದು ಹೆಚ್ಚಿನಂಶ ಮುಂದಿನ ತಾರೀಖು ತರಲು. ಅಕ್ಕ ಹಾಗಲ್ಲ. ಹುನಗುಂದದ ಕೇಸುಗಳನ್ನೆಲ್ಲ ಅವಳೇ ನಡೆಸಿದಳು. ಮೊದಲನೇ ಬಸ್ಸಿಗೆ ಹತ್ತಿ, ಬಸ್ಸಿನಲ್ಲೇ ಫೈಲು ಓದಿ, ಮಟಮಟ ಮಧ್ಯಾಹ್ನ ಸಾಕ್ಷಿಗಳ ಪಾಟೀಸವಾಲು ಮಾಡಿ, ಸಂಜೆ ಬಂದು ಸರ್ ಮುಂದೆ ನಿಂತು ವರದಿ ಒಪ್ಪಿಸುವಳು. ಸರ್ ತಲೆ ಎತ್ತದೆ, "ಹೂಂ. ನಾ ಇದ್ರ ಇನ್ನೊಂದ ಕೇಳ್ತಿದ್ದೆ," ಅನ್ನುವರು. ಹನ್ನೊಂದು ವರ್ಷ ಆ ಇನ್ನೊಂದು ಪ್ರಶ್ನೆ ಯಾವುದು ಅಂತ ಹೇಳಲಿಲ್ಲ.

ಜಿಲ್ಲಾ ನ್ಯಾಯಾಧೀಶರ ಹುದ್ದೆಗೆ ವಕೀಲರಿಂದ ನೇರವಾಗಿ ಅರ್ಜಿ ಕರೆದಾಗ ಅಕ್ಕ ಹಾಕಬೇಕು ಅಂತ ನಿರ್ಧಾರ ಮಾಡಿದಳು. ಪರೀಕ್ಷೆಯ ಹೆದರಿಕೆ ಅವಳಿಗಿರಲಿಲ್ಲ. ಅರ್ಜಿಯ ಜೊತೆ ತಾವು ಸ್ವತಃ ನಡೆಸಿದ ಕೇಸುಗಳ ಪಟ್ಟಿ ಕೊಡಬೇಕು, ಅದಕ್ಕೆ ದಾಖಲೆ ಹಚ್ಚಬೇಕು. ಹನ್ನೊಂದು ವರ್ಷದ ದುಡಿಮೆಯಲ್ಲಿ ಅವಳ ಹೆಸರಿದ್ದ ಕಾಗದ ಒಂದೂ ಇರಲಿಲ್ಲ. ನ್ಯಾಯಾಧೀಶಳಾಗುವುದು ಬಿಡಿ, ತಾನು ವಕೀಲಳಾಗಿದ್ದೆ ಅನ್ನುವುದಕ್ಕೇ ಅವಳ ಹತ್ತಿರ ಸನ್ನದು ಮತ್ತು ಕರಿ ಕೋಟು ಬಿಟ್ಟರೆ ಬೇರೆ ಸಾಕ್ಷಿ ಇಲ್ಲ.

ಸರ್ ಹತ್ತಿರ ಹೋದಳು. ಇಂಥಿಂಥ ಕೇಸು ಇವಳು ನಡೆಸಿದಳು ಅಂತ ಒಂದು ಪತ್ರ ಕೊಡಿ ಅಂದಳು. ನಾನು ಅಲ್ಲೇ ಫೈಲಿನ ದಾರ ಬಿಗಿಯುತ್ತ ಕೂತಿದ್ದೆ. ಸರ್ ಕನ್ನಡಕ ತೆಗೆದರು.

ಹೆಣ್ಣುಮಕ್ಕಳು ಮುಂದೆ ಬರಬೇಕು, ಅದರಲ್ಲೂ ನಿಮ್ಮಂಥವರು ಬರಬೇಕು ಅಂತ ತಾವೇ ಎಷ್ಟು ಸಲ ಭಾಷಣ ಮಾಡಿಲ್ಲ ಅಂದರು. ಆದರೆ ಎರಡೆರಡು ವರ್ಷಕ್ಕೆ ಊರು ಬದಲಾಗುತ್ತದೆ, ಮನೆ ಯಾರು ನೋಡಬೇಕು ಅಂದರು. ಹನ್ನೊಂದು ವರ್ಷ ಬೆಳಗಿನ ಮೊದಲ ಬಸ್ಸಿಗೆ ಅವಳು ಹೋದಾಗ ಮನೆ ಯಾರು ನೋಡಿದರು ಅಂತ ಅವರಿಗೆ ಸಂಶಯ ಬಂದಿರಲಿಲ್ಲ. ಅಕ್ಕ ಪಟ್ಟಿ ಮುಂದಿಟ್ಟಳು. ಸರ್ ಅದನ್ನು ಕೆಳಗಿನಿಂದ ಮೇಲೆ ಓದಿದರು. ಆಮೇಲೆ ಹೇಳಿದರು:

"ಇವೆಲ್ಲ ಅವನ ಪಟ್ಟಿಯೊಳಗ ಹೋಗ್ಯಾವಲ್ಲ."

ಅವನು ಅಂದರೆ ಸೋದರಳಿಯ. ಹಿಂದಿನ ಸಲ ಅದೇ ಹುದ್ದೆಗೆ ಅವನು ಹಾಕಿದ ಅರ್ಜಿಯಲ್ಲಿ ಹುನಗುಂದದ ಕೇಸುಗಳನ್ನು ತಾನು ನಡೆಸಿದ್ದು ಅಂತ ತೋರಿಸಿದ್ದ. ವಕಾಲತ್ತಿನ ಎರಡನೇ ಸಾಲಿನಲ್ಲಿ ಹೆಸರಿತ್ತಲ್ಲ. ಐದನೇ ಫೋಟೋ ಗೋಡೆಗೆ ಏರಿದ್ದು ಹೀಗೆ. ಹುನಗುಂದ ಕೋರ್ಟಿನ ಬಾಗಿಲು ಯಾವ ದಿಕ್ಕಿಗಿದೆ ಅಂತ ಅವನಿಗೆ ಇವತ್ತಿಗೂ ಗೊತ್ತಿರಲಿಕ್ಕಿಲ್ಲ.

ಹೊರಗೆ ಬಂದು ಅಕ್ಕ ನನ್ನನ್ನು ಕೇಳಿದಳು, ನೀನಾದರೂ ಒಂದು ಅಫಿಡವಿಟ್ ಕೊಡ್ತೀಯೇನು, ಈ ಕೇಸು ನಾ ನಡೆಸಿದ್ದು ನೀ ನೋಡೀಯಲ್ಲ ಅಂತ. ನೋಡಿದ್ದೆ. ಆದರೆ ಅದೇ ತಿಂಗಳು ಸರ್ ನನ್ನ ಹೆಸರನ್ನು ಸಹಾಯಕ ಸರ್ಕಾರಿ ವಕೀಲ ಹುದ್ದೆಗೆ ಹೇಳುತ್ತೇನೆ ಅಂದಿದ್ದರು. ಬೋರ್ಡ್ ಬರೆಯುವವನಿಗೆ ಅಕ್ಷರ ಎಷ್ಟು ದಪ್ಪ ಇರಬೇಕು ಅಂತ ನಾನು ಆಗಲೇ ಹೇಳಿ ಬಂದಿದ್ದೆ. ಸರ್ ದನಿ ತೆಗೆದು, "ಛಲೋ ಹುಡುಗಿರಿ, ಪಾಪ," ಅಂತ ನಗಿಸಲು ನೋಡಿದೆ. ಅವಳು ನಗಲಿಲ್ಲ.

"ನಿನ್ನ ಕಡೆ ಎಲ್ಲಾರ ದನಿ ಐತಲೋ," ಅಂದಳು. "ನಿಂದ ಎಲ್ಲಿಟ್ಟಿ?"

ಮರುದಿನ ಅವಳು ಹುನಗುಂದಕ್ಕೆ ಹೋದಳು, ಈ ಸಲ ತನ್ನ ಕೆಲಸಕ್ಕೆ. ಹಳೇ ಕೇಸುಗಳ ಸಾಕ್ಷಿ ಹೇಳಿಕೆಗಳ ನಕಲಿಗೆ ಅರ್ಜಿ ಹಾಕಿ ಬಂದಳು. ನಕಲು ಬಂದವು. ಎಲ್ಲದರಲ್ಲೂ "ಪ್ರತಿವಾದಿ ಪರ ವಕೀಲರಾದ ಶ್ರೀ" ಅಂತ ನಮ್ಮ ಸರ್ ಹೆಸರು. ಪಾಟೀಸವಾಲು ಯಾರು ಮಾಡಲಿ, ವಕಾಲತ್ತು ನೋಡಿ ಹೆಸರು ಹಾಕುವುದು ಕೋರ್ಟಿನ ರೂಢಿ.

ಆದರೆ ಆ ಕೋರ್ಟಿನ ಬೆರಳಚ್ಚುಗಾರ ತುಳಸಿಗೇರಿಯವನು. ಪ್ರತಿ ಶನಿವಾರ ಹಣಮಪ್ಪನ ಗುಡಿಗೆ ನಡೆದು ಹೋಗುವವನು, ಉಳಿದ ದಿನ ಕಿವಿಗೆ ಬಿದ್ದದ್ದನ್ನು ಒಂದು ಅಕ್ಷರ ಬಿಡದೆ ಹೊಡೆಯುವವನು. ಸಾಕ್ಷಿಯ ಮಾತನ್ನು ಸಾಮಾನ್ಯವಾಗಿ "ಎಂದರೆ ಸರಿ," "ಎಂದರೆ ಸರಿಯಲ್ಲ" ಅಂತ ಪುಸ್ತಕದ ಭಾಷೆಗೆ ತಿರುಗಿಸಿ ಬರೆಯುತ್ತಾರೆ. ಮುಖ್ಯವಾದ ಕಡೆ ಮಾತ್ರ ನ್ಯಾಯಾಧೀಶರು, ಪ್ರಶ್ನೆ ಉತ್ತರ ಇದ್ದದ್ದು ಇದ್ದಂತೆ ಬರೆದುಕೊ ಅನ್ನುತ್ತಾರೆ. ಈ ಪುಣ್ಯಾತ್ಮ ಇದ್ದದ್ದು ಇದ್ದಂತೆ ಬರೆದಿದ್ದ. ಕಲ್ಲಿನ ಕ್ವಾರಿಯ ಗಡಿ ತಂಟೆಯ ಒಂದು ಕೇಸು. ವಾದಿ ಕಟಕಟೆಯಲ್ಲಿ ನಿಂತಿದ್ದಾನೆ. ಪ್ರಶ್ನೆ: ಆ ಗಡಿಕಲ್ಲು ನೀವೇ ರಾತ್ರೋರಾತ್ರಿ ಸರಿಸಿದ್ದೀರಿ. ಉತ್ತರ: "ಇಲ್ರಿ ಅಕ್ಕಾರ, ನೀವು ಹೆಣ್ಣಮಗಳಾಗಿ ಹಿಂಗ ಆಪಾದನಿ ಮಾಡಬಾರದ್ರಿ." ಮುಂದಿನ ಪ್ರಶ್ನೆ, ಮುಂದಿನ ಉತ್ತರ: "ಅಕ್ಕಾರ, ಅದು ನನಗ ನೆನಪಿಲ್ರಿ." ಹನ್ನೊಂದು ವರ್ಷದ ಕೇಸುಗಳಲ್ಲಿ ಹೀಗೆ ಹದಿನಾಲ್ಕು ಕಡೆ. ಮೇಲೆ ಶ್ರೀ ಅಂತ ಸರ್ ಹೆಸರು, ಕೆಳಗೆ ಸಾಕ್ಷಿಗಳೆಲ್ಲ ಅವರನ್ನು ಅಕ್ಕಾರ, ಅಕ್ಕಾರ ಅಂತ ಕರೆಯುತ್ತಿದ್ದಾರೆ.

ನಕಲುಗಳನ್ನು ಅಕ್ಕ ಸರ್ ಮೇಜಿನ ಮೇಲಿಟ್ಟಳು. ಪತ್ರ ಕೊಡದಿದ್ದರೆ ಇವನ್ನೇ ಅರ್ಜಿಗೆ ಹಚ್ಚುತ್ತೇನೆ ಅಂದಳು, ಜಗಳದ ದನಿಯಲ್ಲಿ ಅಲ್ಲ, ವರದಿ ಒಪ್ಪಿಸುವ ದನಿಯಲ್ಲಿ. ಸರ್ ಓದಿದರು. ಅವರು ಕನ್ನಡಕ ಒರೆಸುವುದನ್ನು ಮರೆತದ್ದು ನಾನು ನೋಡಿದ್ದು ಆವತ್ತೊಂದೇ ದಿನ.

ಅವಳು ಹೋದಮೇಲೆ ನನ್ನನ್ನು ಕರೆದರು. ದಾಖಲೆಯಲ್ಲಿ "ಅಕ್ಕಾರ" ಅನ್ನುವುದು ಬೆರಳಚ್ಚಿನ ದೋಷ, ಅದನ್ನು ಹದಿನಾಲ್ಕು ಕಡೆಯೂ ತೆಗೆದುಹಾಕಿ ತಿದ್ದುಪಡಿ ಮಾಡಬೇಕು ಅಂತ ಹುನಗುಂದ ಕೋರ್ಟಿಗೆ ಅರ್ಜಿ ಬರೆಸಿದರು. ನೂರಾ ಐವತ್ತೊಂದನೇ ಕಲಮಿನ ಕೆಳಗೆ. ಬೇರೆ ಯಾವ ಕಲಮೂ ಕೈಗೆ ಸಿಗದಿದ್ದಾಗ ವಕೀಲರು ಹಿಡಿಯುವ ಕಲಮು ಅದು. ಮೊದಲು ಕ್ವಾರಿ ಕೇಸಿನದು ಹೋಗಲಿ, ಅದು ಆದರೆ ಉಳಿದವು ತಾವಾಗಿ ಆಗುತ್ತವೆ ಅಂದರು. ವಾದ ಮಾಡಲು ಯಾರು ಹೋಗಬೇಕು? ಬೆನ್ನು ನೋವು. ಸೋದರಳಿಯ ನ್ಯಾಯಾಧೀಶ. ಇಳಕಲ್ ಹೋಗುವಂತಿಲ್ಲ.

"ಕುಳಗೇರಿ, ನೀ ಹೋಗಿ ಬಾ. ಬಂದ ಮ್ಯಾಲ ನಿನ್ನ ಹೆಸರಿಂದೂ ಒಂದ ಫೋನ್ ಮಾಡೋಣಂತ."

ಹೋದೆ. ಮೊದಲನೇ ಬಸ್ಸಿಗೇ ಹೋದೆ. ದಾರಿಯುದ್ದಕ್ಕೂ ವಾದ ಬಾಯಿಪಾಠ ಮಾಡಿದೆ, ಸರ್ ದನಿಯಲ್ಲೇ. ಕಾನೂನಿನ ಮಾತು ನನಗೆ ಆ ದನಿಯಲ್ಲೇ ಸರಿಯಾಗಿ ಹೊರಳುತ್ತದೆ. ಹುನಗುಂದಕ್ಕೆ ಆಗ ಮೈಸೂರು ಕಡೆಯ ಒಬ್ಬರು ಮೇಡಂ ಹೊಸದಾಗಿ ನ್ಯಾಯಾಧೀಶರಾಗಿ ಬಂದಿದ್ದರು. ಅವರು ಮಾತಾಡಿದರೆ ಪಠ್ಯಪುಸ್ತಕ ತೆರೆದಂತೆ. ತುಳಸಿಗೇರಿಯವನು ಅವರ ಕೆಳಗೆ ಕೀಲಿಮಣೆಯ ಮೇಲೆ ಬೆರಳಿಟ್ಟು ಕೂತಿದ್ದ. ಹಿಂದಿನ ಬೆಂಚಿನಲ್ಲಿ ಅಕ್ಕ. ಅವಳು ಬರುತ್ತಾಳೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ಎದ್ದು, "ಮಹಾಸ್ವಾಮಿಗಳೇ, ಇದು ಕೇವಲ ಬೆರಳಚ್ಚಿನ ದೋಷ," ಅಂತ ಶುರು ಮಾಡಿದೆ. ದನಿ ಎಷ್ಟು ಅಚ್ಚುಕಟ್ಟಾಗಿ ಬಂತೆಂದರೆ ಒಬ್ಬಿಬ್ಬರು ತಿರುಗಿ ಬಾಗಿಲ ಕಡೆ ನೋಡಿದರು, ದೊಡ್ಡ ಸಾಹೇಬರೇ ಬಂದರೇನೋ ಅಂತ. ಮೇಡಂ ಕಾಗದದಿಂದ ತಲೆ ಎತ್ತಲಿಲ್ಲ. ಒಂದೇ ಕೇಸಿನಲ್ಲಿ ಅದೇ ದೋಷ ನಾಲ್ಕು ಕಡೆ ಹೇಗೆ ಆಯಿತು ಅಂದರು. ಬೆರಳಚ್ಚುಗಾರನನ್ನು ಕೇಳಿದರು. ಅವನು ಎದ್ದು ನಿಂತು ಕೈ ಮುಗಿದು, ಕೇಳಿದ್ದು ಹೊಡೆದೇನಿ, ತಿದ್ದೂದು ನನ್ನ ಕೆಲಸ ಅಲ್ರಿ ಅಂದ. ಆಗ ಮೇಡಂ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ನಿಮ್ಮ ಸೀನಿಯರನ್ನು ಈ ಕಡೆ ಅಕ್ಕಾರು ಅಂತ ಕರೆಯುತ್ತಾರೆಯೇ?"

ಕೋರ್ಟು ನಕ್ಕಿತು. ಮಂದಿ ನಕ್ಕ ಕೂಡಲೇ ಇನ್ನಷ್ಟು ನಗಿಸುವುದು ನನ್ನ ಚಾಳಿ. ಆವತ್ತು ಬಾಯಿ ತೆರೆದರೆ ಒಳಗೆ ಯಾರೂ ಇರಲಿಲ್ಲ. ಸರ್ ದನಿ ಹುಡುಕಿದೆ, ಸಿಗಲಿಲ್ಲ. ಬೋರ್ಡಿನ ದಪ್ಪ ಅಕ್ಷರ ಕಣ್ಣ ಮುಂದೆ ಬಂದವು. ಮೇಡಂ ನಗು ನಿಲ್ಲುವ ತನಕ ಕಾದು ಮತ್ತೆ ಕೇಳಿದರು, ಆವತ್ತು ಪಾಟೀಸವಾಲು ಮಾಡಿದವರು ಯಾರು, ನಿಮಗೆ ಗೊತ್ತಿದೆಯೋ ಇಲ್ಲವೋ.

"ಅಕ್ಕಾರ ಮಾಡ್ಯಾರ್ರಿ," ಅಂದೆ. "ಎಲ್ಲಾ ಅವರ ಮಾಡ್ಯಾರ್ರಿ. ನಮ್ಮ ಸರ್ ಇಲ್ಲಿಗೆ ಬಂದಿಲ್ರಿ."

ಕುರಿ ಹಿಂದೆ ಓಡಾಡಿದ ದನಿ ಅದು. ಸರ್ ಎಂಟು ವರ್ಷ, "ಐತಿ ಅನಬ್ಯಾಡ, ಅದ ಅನ್ನು," ಅಂತ ತಿದ್ದಿದ್ದರಲ್ಲ, ಆ ದನಿ. ತುಳಸಿಗೇರಿಯವನ ಬೆರಳು ಟಕಟಕ ಓಡಿದವು. ಅರ್ಜಿ ವಜಾ ಆಯಿತು. ಆ ಆದೇಶದಲ್ಲಿ, ಪಾಟೀಸವಾಲು ನಡೆಸಿದವರು ಬೇರೆ ವಕೀಲರೆಂದು ಅರ್ಜಿದಾರರ ವಕೀಲರೇ ಒಪ್ಪಿದ್ದಾರೆ ಅಂತ ಒಂದು ಸಾಲು ಬಂತು. ಅಕ್ಕ ಆ ಆದೇಶದ ನಕಲನ್ನೂ ಹಚ್ಚಿ ಅರ್ಜಿ ಕಳಿಸಿದಳು. ನನ್ನನ್ನು ದೊಡ್ಡ ಮನುಷ್ಯ ಮಾಡಬೇಡಿ. ಮೇಡಂ ಎರಡನೇ ಸಲ ಕೇಳದಿದ್ದರೆ ನಾನು ದೋಷ ದೋಷ ಅಂತಲೇ ಮುಗಿಸಿ ಬಸ್ಸು ಹತ್ತುತ್ತಿದ್ದೆ.

ಸರ್ ಕೂಗಾಡಲಿಲ್ಲ. ಕೂಗಾಡಿದ್ದರೆ ಆ ದನಿಯನ್ನೂ ಕಲಿಯುತ್ತಿದ್ದೆ. ಬಾ, ಕೂಡು, ಚಹಾ ಕುಡಿ ಅಂದರು. ನನ್ನ ಎದುರೇ ಫೋನು ತಿರುಗಿಸಿದರು, ಕನ್ನಡಕ ತೆಗೆದರು, ಎಡಗಾಜು, ಬಲಗಾಜು. "ನಮ್ಮ ಕುಳಗೇರಿ ಹುಡುಗರಿ. ಛಲೋ ಅದಾನ. ಕಷ್ಟಪಟ್ಟು ಮ್ಯಾಲ ಬಂದಾನ." ನನ್ನ ಮುಖ ನೋಡುತ್ತಲೇ ಹೇಳಿದರು. ಬೋರ್ಡ್ ಬರೆಯುವವನು ಆಮೇಲೆ ನನ್ನನ್ನು ಎಲ್ಲಿ ಕಂಡರೂ ಅಕ್ಷರ ಏನಾಯಿತು ಅಂತ ಕೇಳುತ್ತಿದ್ದ. ಹಲ್ಲಿನ ದವಾಖಾನೆಗೆ ಕೊಟ್ಟುಬಿಡು ಅಂದೆ.

ಅಕ್ಕ ಲಿಖಿತ ಪರೀಕ್ಷೆ ಪಾಸಾದಳು. ನಮ್ಮ ಜಿಲ್ಲೆಯಿಂದ ಪಾಸಾದವಳು ಅವಳೊಬ್ಬಳೇ. ಸಂದರ್ಶನಕ್ಕೆ ಹೋಗಿ ಬಂದಳು. ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ. ಯಾಕೆ ಅಂತ ಯಾರೂ ಹೇಳುವುದಿಲ್ಲ, ಕೇಳುವ ಜಾಗವೂ ಇಲ್ಲ. ಫೋನು ಹೋಗಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಆಗ ಆ ಆಫೀಸಿನಲ್ಲಿ ಇರಲಿಲ್ಲ. ಯಾರೋ ಕೇಳಿದ್ದರೆ ಸರ್ ಏನು ಹೇಳುತ್ತಿದ್ದರು ಅನ್ನುವುದು ಮಾತ್ರ ಅಕ್ಷರಕ್ಕೆ ಅಕ್ಷರ ಗೊತ್ತು. ಅಕ್ಕ ಹುನಗುಂದದಲ್ಲಿ ಸ್ವಂತ ಆಫೀಸು ಮಾಡಿದಳು. ಅವಳ ವಕಾಲತ್ತಿನಲ್ಲಿ ಅವಳ ಹೆಸರು, ಅದರ ಕೆಳಗೆ ಜೂನಿಯರುಗಳ ಹೆಸರು, ಕೊನೆಯ ಸಾಲಿನಲ್ಲಿ ನನ್ನದು. ವಯಸ್ಸಿನ ಮಿತಿಯೊಳಗೆ ಅವಳಿಗೆ ಇನ್ನೊಂದು ಸಲ ಅರ್ಜಿ ಹಾಕಲು ಬರುತ್ತದೆ. ಹಾಕಿದ್ದಾಳೆ. ಈ ಸಲ ಪಟ್ಟಿಗೆ ಸಾಕ್ಷಿಗಳ ಬಾಯಿಂದ ಪುರಾವೆ ಹೆಕ್ಕಬೇಕಾಗಿಲ್ಲ.

ಇಷ್ಟು ಆದಮೇಲೆ ಆ ಶ್ರದ್ಧಾಂಜಲಿ ಸಭೆ.

ಹನ್ನೊಂದು ಮಂದಿ ಮಾತಾಡಿದರು. ಎಷ್ಟೋ ನ್ಯಾಯಾಧೀಶರನ್ನು ಈ ನಾಡಿಗೆ ಕೊಟ್ಟ ಮಹಾನುಭಾವರು ಅಂತ ಹನ್ನೊಂದೂ ಮಂದಿ ಹೇಳಿದರು. ಸೋದರಳಿಯ ದೂರದ ಜಿಲ್ಲೆಯಿಂದ ಬಂದು ಮುಂದಿನ ಸಾಲಿನಲ್ಲಿ ಕೂತು ಕಣ್ಣೊರೆಸಿಕೊಂಡ. ಸಭೆಯ ನಡಾವಳಿ ಬರೆಯಲು, ವರ್ಗವಾಗಿ ಬಾಗಲಕೋಟೆಗೆ ಬಂದಿದ್ದ ಅದೇ ತುಳಸಿಗೇರಿಯವನು ಕೂತಿದ್ದ. ಜಿಲ್ಲಾ ನ್ಯಾಯಾಧೀಶರು, ಇನ್ನು ಯಾರಾದರೂ ಮಾತಾಡುವವರಿದ್ದೀರಾ ಅಂದರು. ಎರಡು ನಿಮಿಷದ ಮೌನಕ್ಕೆ ಎಲ್ಲರೂ ತಲೆ ಬಾಗಿಸಲು ತಯಾರಾಗಿ ಎದ್ದಿದ್ದೆವು. ಹಿಂದಿನವನು ಬೆನ್ನಿಗೆ ತಿವಿದದ್ದು ಆಗಲೇ.

ನಾನು ಬಾಯಿ ಬಿಡಲಿಲ್ಲ. ಗೋಡೆ ಬದಿಯಿಂದ ಅಕ್ಕ ಮುಂದೆ ಬಂದಳು. ಕ್ವಾರಿ ಕೇಸಿನ ಕಥೆ ಗೊತ್ತಿಲ್ಲದವರು ಅಲ್ಲಿ ಯಾರೂ ಇರಲಿಲ್ಲ. ಸರ್ ಫೋನಿನ ಮಾತು ಗೊತ್ತಿಲ್ಲದವರಂತೂ ಇರಲೇ ಇಲ್ಲ, ಅದನ್ನು ಜಿಲ್ಲೆಗೆಲ್ಲ ಹಂಚಿದವನೇ ನಾನು. ಗೋಡೆಗೆ ಒರಗಿಸಿದ್ದ ಹಾರ ಹಾಕಿದ ಫೋಟೋದ ಕಡೆ ಅವಳು ಒಮ್ಮೆ ನೋಡಿದಳು. ನಾಲ್ಕು ತಲೆಮಾರಿನ ವಕೀಲಿಕೆ, ಗಾಜಿನ ಪೆಟ್ಟಿಗೆಯ ಪೇಟ, ಮೊದಲನೇ ಲಾರಿ, ಎಲ್ಲ ಆ ಫೋಟೋದಲ್ಲಿ ಸಮಾಧಾನವಾಗಿ ಕೂತಿತ್ತು.

"ನಂದೇನು ಭಾಳ ಇಲ್ರಿ," ಅಂದಳು. "ನಮ್ಮ ಸರ್ ಛಲೋ ಇದ್ರು. ಪಾಪ, ಕಷ್ಟಪಟ್ಟು ಮ್ಯಾಲ ಬಂದವರು."

ಆಮೇಲೆ ಅವಳು ಸುಮ್ಮನಾದಳು. ಹಾಲೂ ಸುಮ್ಮನಾಯಿತು. ಎರಡು ನಿಮಿಷದ ಮೌನ ಯಾರೂ ಹೇಳುವ ಮೊದಲೇ ಶುರುವಾಗಿತ್ತು. ನನ್ನ ಹಿಂದಿನವನ ಪೆನ್ನು ನೆಲಕ್ಕೆ ಬಿತ್ತು. ಸೋದರಳಿಯ ಒರೆಸಿಕೊಳ್ಳುತ್ತಿದ್ದ ಕರವಸ್ತ್ರ ಅರ್ಧಕ್ಕೆ ನಿಂತಿತು. ಕೀಲಿಮಣೆಯ ಸಪ್ಪಳ ಮಾತ್ರ ಕೊನೆಯ ಅಕ್ಷರದ ತನಕ ಬಂದು ನಿಂತಿತು. ತುಳಸಿಗೇರಿಯವನು ತಲೆ ಎತ್ತಿದ.

"ಯಾರು ಮಾತಾಡಿದ್ರಂತ ಬರೀಲ್ರಿ, ಅಕ್ಕಾರ?"

ಅವಳು ಅವನ ಮೇಜಿನ ಹತ್ತಿರ ಹೋದಳು. ಅವನು ಹೊಡೆಯುವುದು ತನಗೆ ಕಾಣುವ ಹಾಗೆ ನಿಂತಳು.

"ಬರಿಯಪ್ಪಾ," ಅಂದಳು. "ಹುಲಿಗೆವ್ವ ದುರ್ಗಪ್ಪ ಮಾದರ. ವಕೀಲರು."